ಮಾಡಿದವರು ಹಿಂದೆ ಕೂರಬೇಕು

ನನ್ನ ರಾಜದೂತ್ ಗಾಡಿಗೆ ಎಲ್ಲವೂ ಇತ್ತು, ಬ್ರೇಕ್ ಒಂದನ್ನು ಬಿಟ್ಟು.

ಸವಳಂಗದಲ್ಲಿ ನಾನು ಮೆಣಸಿನಕಾಯಿ, ಟೊಮೆಟೊ, ಬದನೆ ಸಸಿ ಬೆಳೆಸಿ ಮಾರುತ್ತೇನೆ. ಸಸಿಯ ಟ್ರೇಗಳನ್ನು ಕ್ಯಾರಿಯರ್‌ಗೆ ಬಿಗಿದು ಗೋವಿನಕೋವಿಯವರೆಗೂ ಹೊಲದ ದಾರಿಯಲ್ಲೇ ಹೋಗುತ್ತೇನೆ. ಆ ದಾರಿಗೆ ಸ್ಕೂಟಿ ಇಳಿಸಿದರೆ ಸಸಿ ಒಂದು ಕಡೆ, ನಾನು ಇನ್ನೊಂದು ಕಡೆ. ಚನ್ನಗಿರಿಯ ಹಾಲಿನವರೊಬ್ಬರಿಂದ ಕೊಂಡ ಈ ಹಳೇ ಗಾಡಿ ಮಾತ್ರ ಎಂಥ ಕೆಸರಿಗೂ ಬೆದರುವುದಿಲ್ಲ. ಅದರ ಮೇಲೆ ನನಗೆ ಪ್ರೀತಿ, ಮುಚ್ಚಿಡುವುದೇನಿದೆ.

ಹೋದ ವಾರ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಪೂರ್ತಿ ಕೆಳಗೆ ಹೋಯಿತು, ಗಾಡಿ ಸೀದಾ ಯಾರದೋ ಮೆಕ್ಕೆಜೋಳದ ಹೊಲಕ್ಕೆ ನುಗ್ಗಿತು. ನನಗೇನೂ ಆಗಲಿಲ್ಲ, ಎರಡು ಟ್ರೇ ಮೆಣಸಿನ ಸಸಿ ಮಣ್ಣುಪಾಲು. ಸಂಜೆ ನನ್ನ ಗಂಡ ಪರಶುರಾಮ್ ಹೊನ್ನಾಳಿಯ ಪ್ರದೀಪನಿಗೆ ಫೋನ್ ಹಚ್ಚಿದ. ಹಳೇ ಗಾಡಿ ತಗೊಂಡು ಸ್ಕೂಟಿ ಕೊಡುವವನು ಈ ಪ್ರದೀಪ.

"ಮೂಗಿಗಿಂತ ಮೂಗುತಿ ಭಾರ ಆತು ಕಣೇ ದುರ್ಗಾ. ಬುಧವಾರ ಪ್ರದೀಪ ಬರ್ತಾನೆ. ಅಷ್ಟರೊಳಗೆ ಬ್ರೇಕ್ ಸರಿ ಮಾಡಿಸಿದ್ರೆ ಗಾಡಿ ನಿಂದು. ಇಲ್ಲಾಂದ್ರೆ ಕೊಟ್ಟು ಕಳಿಸಾನ" ಎಂದ.

"ಆಗ್ಲಿ" ಎಂದೆ. ಅವನು ಹೆದರಿದ್ದು ನನ್ನ ಜೀವಕ್ಕೆ, ಅದು ನನಗೂ ಗೊತ್ತು. ಆದರೆ ಗಾಡಿ ಹೋದರೆ ನನ್ನ ವ್ಯಾಪಾರ ಹೋಯಿತು, ಅದನ್ನು ಅವನ ತಲೆಗೆ ಹಾಕುವವರು ಯಾರು?

ದಾವಣಗೆರೆ, ಶಿವಮೊಗ್ಗದ ಬಿಡಿಭಾಗದ ಅಂಗಡಿಗಳಲ್ಲಿ ಗಾಡಿಯ ಹೆಸರು ಹೇಳುತ್ತಲೇ ನಕ್ಕರು. ನಗಲಿ. ನ್ಯಾಮತಿಯ ರಸೂಲ್ ಸಾಬರ ಲೇತ್ ಅಂಗಡಿಗೆ ಗಾಡಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋದೆ. ಅವರು ಹಿಂದಿನ ಚಕ್ರ ಬಿಚ್ಚಿದರು. ಪೆಡಲ್ ಒತ್ತಿದಾಗ ತಿರುಗಿ, ಎರಡು ಬ್ರೇಕ್ ಶೂಗಳನ್ನು ಅಗಲಿಸಿ ಚಕ್ರದೊಳಗಿನ ಡ್ರಮ್ಮಿಗೆ ಒತ್ತುವ ಒಂದು ಕ್ಯಾಮ್ ಇರುತ್ತದೆ. ನನ್ನದು ಸವೆದು ಸವೆದು ಚಪ್ಪಟೆಯಾಗಿತ್ತು. ನಮ್ಮ ಕಡೆ ಮೆಕ್ಯಾನಿಕ್‌ಗಳು ಅದಕ್ಕೆ ಮಾಡುವ ಮದ್ದು ಒಂದೇ, ಶೂ ತುದಿಗೆ ತಗಡಿನ ಚೂರು ಮಡಚಿ ಹಾಕುವುದು. ರಸೂಲ್ ಸಾಬರು ಇಕ್ಕಳದಿಂದ ಆ ತಗಡನ್ನು ಎಳೆದು ಎತ್ತಿ ತೋರಿಸಿದರು.

"ಇದು ಬ್ರೇಕ್ ಅಲ್ಲಮ್ಮಾ, ಬರೀ ಸಮಾಧಾನ. ಹೊಸ ಕ್ಯಾಮ್ ಮಾಡಿ ಕೊಡ್ತೀನಿ. ಶೂಗೆ ದಪ್ಪ ಲೈನರ್ ಪಟ್ಟಿ ಹಾಕ್ಸಾನ. ಮಂಗಳವಾರ ಗಾಡಿ ಓಡಿಸೋರನ್ನ ಕಳ್ಸು."

ಅವರ ಅಂಗಡಿಗೆ ಒಂದು ರೂಢಿಯಿದೆ. ಬ್ರೇಕ್ ಕೆಲಸ ಯಾವುದೇ ಇರಲಿ, ಮಾಡಿದವರು ಮೊದಲ ಸವಾರಿಗೆ ಹಿಂದೆ ಕೂತು ಇಳಿಜಾರು ಇಳಿಯಬೇಕು. ಆಮೇಲೇ ಗಾಡಿ ಅಂಗಡಿ ಬಿಡುವುದು. ಅವರಿಗೆ ಕೆಲಸ ಕಲಿಸಿದ ಉಸ್ತಾದರು ಹಾಕಿಕೊಟ್ಟ ನಿಯಮವಂತೆ. ನನಗೆ ಬಹಳ ಹಿಡಿಸಿತು. ತಾನು ಮಾಡಿದ ಅಡುಗೆಯನ್ನು ತಾನು ಉಣ್ಣದವನನ್ನು ಯಾರು ನಂಬುತ್ತಾರೆ?

ಮಂಗಳವಾರ ಬೆಳಿಗ್ಗೆ ಬಸ್ಸಿಳಿದು ಹೋದೆ. ಗಾಡಿ ತಯಾರಾಗಿ ನಿಂತಿತ್ತು.

"ಯಜಮಾನ್ರು ಎಲ್ಲಿ?" ಎಂದರು ಸಾಬರು.

"ಮನೇಲಿ. ಗಾಡಿ ಓಡಿಸೋದು ನಾನೇ."

ಸಾಬರ ಮುಖ ನೋಡಬೇಕಿತ್ತು. ಎದುರಿನ ಟೀ ಅಂಗಡಿಯ ಬೆಂಚಿನ ಕಡೆ ಒಮ್ಮೆ ನೋಡಿದರು. ಅಲ್ಲಿ ಕೂತವರಿಗೆ ಅಷ್ಟೊತ್ತಿಗಾಗಲೇ ವಿಷಯ ಗೊತ್ತಾಗಿ ಕಿವಿ ನೆಟ್ಟಗಾಗಿದ್ದವು.

"ಯಜಮಾನ್ರು ಬರ್ಲಿ ಬಿಡಮ್ಮ. ಹೆಣ್ಮಗಳ ಹಿಂದೆ ಕೂತು ನಾನು ಹೆಂಗೆ ಬರ್ಲಿ? ಊರು ನಗ್ತದೆ."

"ಹಂಗಾದ್ರೆ ನೀವು ಕೂರಬ್ಯಾಡ್ರಿ. ನಾನೇ ಒಯ್ತೀನಿ."

"ಅದೆಂಗಾಗ್ತದೆ? ನಿಯಮ ಐತಲ್ಲ."

ಪಿತ್ತ ನೆತ್ತಿಗೇರಿತು. ಕೂರುವುದೂ ಇಲ್ಲ, ಬಿಡುವುದೂ ಇಲ್ಲ. ನಾಳೆ ಪ್ರದೀಪ ಬಂದರೆ ನಾನು ತೋರಿಸಬೇಕಾದ್ದು ಏನು, ಉಸ್ತಾದರ ನಿಯಮವನ್ನೇ? "ಸಾಬ್ರೆ, ನಾಳೆಯಿಂದ ಆ ಪೆಡಲ್ ಒತ್ತೋದು ನನ್ನ ಕಾಲು. ನನ್ನ ಗಂಡನ ಕಾಲಲ್ಲಿ ಪರೀಕ್ಷೆ ಮಾಡಿ ನನಗೆ ಕೊಟ್ರೆ ಏನು ಬಂತು?" ಎಂದೆ. ಅವರು ಲೇತ್ ಒರೆಸತೊಡಗಿದರು.

ಅಷ್ಟರಲ್ಲಿ ಅಂಗಡಿಯ ಹಿಂದಿನ ಬಾಗಿಲಿನಿಂದ ಅವರ ಹೆಂಡತಿ ತಾಜ್‌ಬೀ ಬಂದರು. ಕೈಯಲ್ಲಿ ಸಣ್ಣ ಸುತ್ತಿಗೆ ಇತ್ತು.

"ನಾನು ಕೂರ್ತೀನಿ" ಎಂದರು.

"ನೀನಾ? ಮಾಡಿದವರು ಕೂರಬೇಕು" ಎಂದರು ಸಾಬರು.

"ಲೈನರ್‌ಗೆ ರಿವೆಟ್ ಹೊಡೆದೋರು ಯಾರು? ಇಷ್ಟು ವರ್ಷ ಹೊಡ್ಕೊಂತ ಬಂದೋರು ಯಾರು? ಒಂದು ದಿನನಾದ್ರೂ ನನ್ನ ಕೂರಿಸಿದ್ರಾ?"

ಟೀ ಅಂಗಡಿಯಲ್ಲಿ ಯಾರೋ ಲೋಟ ಕೆಳಗಿಟ್ಟ ಸದ್ದು ಕೇಳಿತು. ಹಿಂದಿನ ಕೋಣೆಯಲ್ಲಿ ಹಳೇ ಲೈನರ್ ಕಿತ್ತು ಹೊಸದನ್ನು ಕೂರಿಸುವ ಕೆಲಸವೆಲ್ಲ ತಾಜಕ್ಕನದೇ ಎಂದು ನನಗೂ ಆಗಲೇ ಗೊತ್ತಾದದ್ದು. ಅವರು ಸುತ್ತಿಗೆ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಹೆಗಲು ಹಿಡಿದು ಹತ್ತಿ ಕೂತರು.

ಸವಳಂಗ ರಸ್ತೆಯ ಇಳಿಜಾರಿನಲ್ಲಿ ಎರಡು ಸಲ ಬ್ರೇಕ್ ಒತ್ತಿದೆ. ಎರಡು ಸಲವೂ ಗಾಡಿ ನಿಂತಿತು. ನನಗೆ ಕೂಗಿ ಹೇಳುವಷ್ಟು ಖುಷಿಯಾಯಿತು. ತಾಜಕ್ಕ ಮಾತ್ರ ಇಳಿದವರೇ ಬಗ್ಗಿ ಹಿಂದಿನ ಡ್ರಮ್ಮಿನ ಹತ್ತಿರ ಕೈ ಹಿಡಿದರು.

"ನಿಲ್ತೈತೆ. ಬಿಡ್ತಾ ಇಲ್ಲ. ಕಾಲು ತೆಗೆದ ಮೇಲೂ ಶೂ ತಬ್ಕೊಂಡೇ ಐತೆ, ನೋಡು ಹೆಂಗೆ ಕಾದೈತೆ. ಹಿಂಗೇ ಒಯ್ದರೆ ಒಂದು ತಿಂಗಳಿಗೆ ನನ್ನ ಲೈನರ್ ಸುಟ್ಟು ಹೋಗ್ತೈತೆ."

ವಾಪಸ್ ಬಂದು ಗಂಡನಿಗೂ ಅದನ್ನೇ ಹೇಳಿದರು. ಸಾಬರು ಬ್ರೇಕಿನ ರಾಡ್ ಸಡಿಲ ಮಾಡಿದರೆ ಸಾಕು ಎಂದರು. ಸಡಿಲ ಮಾಡಿ ಚಕ್ರ ತಿರುಗಿಸಿದರೆ ಆಗಲೂ ಉಜ್ಜುತ್ತಿತ್ತು. ಹೊಸ ಕ್ಯಾಮ್ ಕೂದಲೆಳೆಯಷ್ಟು ಹೆಚ್ಚು ದಪ್ಪವಾಗಿತ್ತು. ಅವರು ತಕರಾರಿಲ್ಲದೆ ಬಿಚ್ಚಿ, ಅರ ಹಿಡಿದು ಉಜ್ಜಿ, ಮತ್ತೆ ಕೂರಿಸಿದರು. ತಾಜಕ್ಕ ಚಕ್ರ ತಿರುಗಿಸಿದರು. ಸದ್ದಿಲ್ಲದೆ ಸುತ್ತಿತು.

"ಈಗ ಒಯ್ಲಾ?" ಎಂದೆ.

"ಅದೆಂಗೆ? ಈಗ ಕೆಲಸ ಮಾಡಿದ್ದು ನಾನಲ್ಲ" ಎಂದರು ತಾಜಕ್ಕ, ಗಂಡನನ್ನು ನೋಡದೆ.

ತಾನೇ ಹೆಣೆದ ಬಲೆಗೆ ತಾನೇ ಬೀಳುವುದೆಂದರೆ ಇದೇ. ಸಾಬರು ಹೆಂಡತಿಯನ್ನು ನೋಡಿದರು, ಟೀ ಅಂಗಡಿಯನ್ನು ನೋಡಿದರು. ಅಲ್ಲಿಂದ ಬೈಲಪ್ಪ ಎಂಬ ಮುದುಕರು, "ಕೂರ್ರಿ ಸಾಬ್ರೆ, ನಾವೇನು ನೋಡಾಕಿಲ್ಲ" ಎಂದು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ಸಾಬರು ಕೈ ಒರೆಸಿಕೊಂಡು ಬಂದು ಕೂತರು. ಎರಡೂ ಕೈಯಲ್ಲಿ ಹಿಂದಿನ ಕ್ಯಾರಿಯರ್ ಗಟ್ಟಿಯಾಗಿ ಹಿಡಿದಿದ್ದರಿಂದ ಗಾಡಿಯೇ ಒಂದಿಷ್ಟು ಹಿಂದಕ್ಕೆ ವಾಲಿತು.

"ನಿಧಾನ ಹೋಗಮ್ಮ."

"ನಿಧಾನ ಹೋದ್ರೆ ಬ್ರೇಕ್ ಹೆಂಗೆ ಗೊತ್ತಾಗ್ತೈತ್ರೀ?"

ಊರು ದಾಟುವ ತನಕ ಅವರು ಬಿಗಿಯಾಗಿಯೇ ಇದ್ದರು. ಇಳಿಜಾರು ಬಂತು. ಗೇರ್ ಇಳಿಸಿದೆ, ಗುಂಡಿ ತಪ್ಪಿಸಿದೆ, ಎದುರು ಬಂದ ಬಸ್ಸಿಗೆ ದಾರಿ ಬಿಟ್ಟೆ. ಅರ್ಧ ಇಳಿದಿರಬೇಕು, ಸಾಬರು ತಾವಾಗಿಯೇ ಮಾತು ತೆಗೆದರು. ಈ ಸಲ ಮೆಕ್ಕೆಜೋಳ ಚೆನ್ನಾಗೈತೆ ಎಂದರು. ತಮ್ಮ ಅಂಗಳದಲ್ಲಿ ಬದನೆ ಹಾಕಿದರೆ ಬರೀ ಹುಳ ಬೀಳುತ್ತದೆ, ನಿನ್ನ ಸಸಿ ಯಾವ ತಳಿ, ಎರಡು ತಂದುಕೊಡು ಎಂದರು. ನಾನು ತಳಿಯ ಹೆಸರು ಹೇಳುತ್ತ, ಕೆಳಗಿನ ಸೇತುವೆಗೆ ಇನ್ನೂ ದೂರವಿರುವಾಗಲೇ ಪೆಡಲ್ ಪೂರ್ತಿ ಒತ್ತಿದೆ. ಗಾಡಿ ಎಳೆದಾಡದೆ, ಕಿರುಚದೆ ನಿಂತಿತು. ಕಾಲು ತೆಗೆದೆ. ತಕ್ಷಣ ಬಿಟ್ಟುಕೊಟ್ಟು ತಾನಾಗಿಯೇ ಮುಂದಕ್ಕೆ ಉರುಳಿತು. ಮತ್ತೆ ಒತ್ತಿ ನಿಲ್ಲಿಸಿ ಹಿಂದೆ ತಿರುಗಿದೆ.

ಸಾಬರ ಎರಡೂ ಕೈ ತೊಡೆಯ ಮೇಲೆ ಆರಾಮಾಗಿ ಬಿದ್ದಿದ್ದವು. ಏನನ್ನೂ ಹಿಡಿದಿರಲಿಲ್ಲ.

"ಯಾಕಮ್ಮ ನಿಲ್ಲಿಸ್ದೆ?" ಎಂದರು.

"ಬ್ರೇಕ್ ನೋಡಾಕೆ, ಸಾಬ್ರೆ."

"ಹೌದಲ್ಲ" ಎಂದು ಅವರು ನಾಚಿಕೊಂಡು ನಕ್ಕರು. ನಾನು ಅಲ್ಲೇ ರಸ್ತೆ ಬದಿಯಲ್ಲಿ ನಿಂತು ಪ್ರದೀಪನಿಗೆ ಫೋನ್ ಮಾಡಿ, ನಾಳೆ ಬರಬೇಡ ಎಂದೆ.