ಸಾಲಿನ ಕೊನೆಯವಳು

ವೇದಿಕೆಯ ಮೇಲೆ ನಾಲ್ಕೇ ಕುರ್ಚಿಗಳಿದ್ದವು.

ಗಿರಣಿಯವನು ಮತ್ತೊಮ್ಮೆ ಎಣಿಸಿದ. ಹಿಂದಿನ ಸಾಲಿನಲ್ಲಿ ಕೂತವನಿಗೆ ಮುಂದಿನವರ ತಲೆಗಳು ಅಡ್ಡ ಬರುತ್ತಿದ್ದವು. ಯಾವುದೋ ತಲೆಯ ಮರೆಯಲ್ಲಿ ಇನ್ನೊಂದು ಕುರ್ಚಿ ಇದ್ದರೂ ಇರಬಹುದು ಎಂದು ಕತ್ತನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿದ. ಇರಲಿಲ್ಲ. ಮೇಜಿನ ಮೇಲೆ ನೀರಿನ ಬಾಟಲಿಗಳೂ ನಾಲ್ಕೇ. ಹಿಂದೆ ಕಟ್ಟಿದ್ದ ಬಟ್ಟೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಅಟ್ಟದ ಮಕ್ಕಳು’ ಎಂದು ಬರೆದಿತ್ತು.

"ಇನ್ನೊಬ್ರು ಬರ್ಬೇಕಲ್ವಾ?" ಎಂದು ಪಕ್ಕದಲ್ಲಿದ್ದ ಕನ್ನಡಕದವನನ್ನು ಕೇಳಿದ.

"ಯಾರು? ತಾಯಿ ಪಾತ್ರ ಮಾಡಿದ್ರಲ್ಲ, ಅವರಾ? ಅವರು ಹೋಗಿ ಎಷ್ಟೋ ವರ್ಷ ಆಯ್ತು."

"ತಾಯಿ ಅಲ್ಲ. ಚಿಕ್ಕಿ ಪಕ್ಕ ನಿಲ್ತಿದ್ಲಲ್ಲ, ಐದನೆಯವಳು."

ಕನ್ನಡಕದವನು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಚಿಕ್ಕಿನೇ ಕೊನೆಯವಳು ಸ್ವಾಮಿ. ನೀವು ಬೇರೆ ಯಾವುದೋ ಧಾರಾವಾಹಿ ನೋಡಿರ್ಬೇಕು," ಎಂದು ಹೇಳಿ ಮೊಬೈಲಿನೊಳಗೆ ಮುಖ ಹುದುಗಿಸಿದ.

ಪಟ್ಟಣದವರಿಗೆ ಎಲ್ಲವೂ ಅರ್ಧ ನೆನಪು, ಇನ್ನರ್ಧ ಬಾಯಿ ಎಂದು ಗಿರಣಿಯವನು ಮನಸ್ಸಿನಲ್ಲೇ ಅಂದುಕೊಂಡ. ಬೆಳಗ್ಗೆ ಹೊರಡುವಾಗ ಹೆಂಡತಿ ಹೇಳಿದ್ದ ಮಾತು ನೆನಪಾಗಿ ಅಂಗಿಯ ತೋಳನ್ನು ಕೊಡವಿಕೊಂಡ. "ಹುಬ್ಬಿನ ಮೇಲಿನ ಹಿಟ್ಟು ಒರೆಸ್ಕೊಂಡು ಹೋಗ್ರೀ, ಇಲ್ದಿದ್ರೆ ನಿಮ್ಮನ್ನೇ ದೆವ್ವ ಅಂದ್ಕೊಂಡಾರು," ಎಂದಿದ್ದಳು. ಎಷ್ಟು ಉಜ್ಜಿ ಸ್ನಾನ ಮಾಡಿದರೂ ಹಿಟ್ಟು ಅವನನ್ನು ಪೂರ್ತಿ ಬಿಟ್ಟು ಹೋಗುತ್ತಿರಲಿಲ್ಲ. ಅಪ್ಪನ ಕಾಲದ ಗಿರಣಿ. ಗೋಧಿ ಹೊತ್ತು ಬರುವವರನ್ನು ಬಾಗಿಲಿನಿಂದಲೇ ವಾಪಸು ಕಳಿಸಿ, ಬೆಲ್ಟು ಬಿಚ್ಚಿಟ್ಟು, ಇಡೀ ದಿನ ಅದನ್ನು ಮುಚ್ಚಿ ಅವನು ಊರು ಬಿಟ್ಟದ್ದು ಅಪರೂಪ.

ಹೊರಟದ್ದು ಅಮ್ಮನ ಮಾತಿಗೆ. ಆ ಹಳೆಯ ಧಾರಾವಾಹಿಯ ಮಕ್ಕಳೆಲ್ಲ ಒಂದು ಕಡೆ ಸೇರುತ್ತಾರಂತೆ, ನೋಡಬೇಕೆನ್ನುವವರು ಬರಬಹುದಂತೆ ಎಂಬ ಸುದ್ದಿಯನ್ನು ಅವನು ಊಟದ ಹೊತ್ತಿಗೆ ಸುಮ್ಮನೆ ಹೇಳಿದ್ದ. ಅಮ್ಮ ಕೈ ತೊಳೆದು ಬಂದು, ಸೆರಗಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಾ, "ಹೋಗಿ ಬಾ. ಆ ಕೊನೆಯವಳು ಈಗ ಹೇಗಾಗಿದ್ದಾಳೆ ನೋಡ್ಕೊಂಡು ಬಾ," ಎಂದಿದ್ದಳು. ಸ್ವಲ್ಪ ತಡೆದು, "ಅದರಲ್ಲಿ ಒಂದು ಫೋಟೋನೂ ಹಿಡ್ಕೊಂಡು ಬಾ," ಎಂದು ಅವನ ಜೇಬಿನ ಮೊಬೈಲಿನ ಕಡೆ ಗದ್ದ ಚಾಚಿದ್ದಳು.

ಅಮ್ಮ ಏನನ್ನಾದರೂ ಬೇಕು ಎಂದು ಕೇಳುವವಳಲ್ಲ. ಹೆಂಡತಿಯೂ ಅದನ್ನು ಗಮನಿಸಿ ಇವನ ಮುಖ ನೋಡಿದ್ದಳು.

ಅವನಿಗೊಬ್ಬಳು ಅಕ್ಕ ಇದ್ದಳು. ಜ್ವರ ಬಂದು ತೀರಿಕೊಂಡಾಗ ಅವಳಿಗೆ ಏಳು ವರ್ಷ, ಇವನಿಗೆ ಮೂರು. ಅವಳ ಕೈ ಹಿಡಿದು ಅಂಗಳದಲ್ಲಿ ನಡೆದದ್ದು ನೆನಪಿದೆ, ಕೈ ಬೆಚ್ಚಗಿತ್ತು. ಮುಖ ಮಾತ್ರ ನೆನಪಿಲ್ಲ. ಫೋಟೋ ತೆಗೆಸಬೇಕು ಅನ್ನುವುದು ಕೊಯ್ಲಾಗಲಿ, ಮಳೆ ನಿಲ್ಲಲಿ ಎಂದು ಮುಂದೆ ಮುಂದೆ ಹೋಗುತ್ತಲೇ ಇದ್ದು, ಒಂದೂ ತೆಗೆಸಿರಲಿಲ್ಲ. ಅವಳು ಹೋದ ಮಾರನೆಯ ವರ್ಷ ಮನೆಗೆ ಟೀವಿ ಬಂತು. ಮನೆ ಮಂಕಾಗಿದೆ ಎಂದು ಅಪ್ಪನೇ ಪೆಟ್ಟಿಗೆಯನ್ನು ಹೊತ್ತು ತಂದಿದ್ದ.

ವಾರಕ್ಕೊಮ್ಮೆ ಸಂಜೆ ‘ಅಟ್ಟದ ಮಕ್ಕಳು’ ಬರುತ್ತಿತ್ತು. ಒಂದು ಬಾಡಿಗೆ ಮನೆಯ ಅಟ್ಟದಲ್ಲಿ ತಾಯಿಯ ಜೊತೆ ಇರುವ ಮಕ್ಕಳು. ಪ್ರತಿ ವಾರವೂ ಏನೋ ಒಂದು ಕಿತಾಪತಿ. ಕೊನೆಗೆ ಎಲ್ಲರೂ ಎತ್ತರದ ಪ್ರಕಾರ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಲ್ಲುತ್ತಿದ್ದರು. ತಾಯಿ ಕೆಳಗಿನಿಂದ, "ದೀಪ ಆರಿಸ್ಲಾ?" ಎಂದು ಕೂಗುತ್ತಿದ್ದಳು. ಎಡಗಡೆ ದೊಡ್ಡಣ್ಣ, ಆಮೇಲೆ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡ ಹುಡುಗಿ, ಆಮೇಲೆ ಯಾವಾಗಲೂ ಏನಾದರೂ ತಿನ್ನುವ ಮೊದ್ದು, ಆಮೇಲೆ ಚಿಕ್ಕಿ. ಚಿಕ್ಕಿಯ ಪಕ್ಕದಲ್ಲಿ, ಚಿಕ್ಕಿಯಷ್ಟೇ ಎತ್ತರದ ಇನ್ನೊಬ್ಬಳು.

ಅವಳು ಉಳಿದವರಿಗಿಂತ ಮಸುಕು. ಮಾತಿಲ್ಲ, ಕತೆಯಿಲ್ಲ. ಸಾಲು ನಿಂತಾಗ ಮಾತ್ರ ಬರುತ್ತಿದ್ದಳು. ಅವಳು ಮೂಗಿ ಇರಬೇಕೆಂದು ಇವನು, ಉಳಿದವರ ಮೇಲೆ ಮುನಿಸು ಇರಬೇಕೆಂದು ಅಪ್ಪ. ಅಮ್ಮ ಮಾತ್ರ ಆ ಹೊತ್ತಿಗೆ ಕೈಲಿದ್ದ ಕೆಲಸ ಬಿಟ್ಟು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಿದ್ದಳು. "ಆ ಚಿಕ್ಕಿ ಬಾಯಿ ನೋಡು, ಗಿರಣಿ ಹಾಗೆ, ನಿಲ್ಲೋದೇ ಇಲ್ಲ. ಇವಳು ನೋಡು. ಪಾಪ, ಎಷ್ಟು ಗಂಭೀರ," ಎನ್ನುತ್ತಿದ್ದಳು. ಒಮ್ಮೊಮ್ಮೆ, "ಇವತ್ತು ಸ್ವಲ್ಪ ಬಾಡಿದ್ದಾಳೆ," ಎನ್ನುತ್ತಿದ್ದಳು. ಅಕ್ಕನ ಹೆಸರು ಎತ್ತುತ್ತಿರಲಿಲ್ಲ. ಅಪ್ಪನೂ ಎತ್ತುತ್ತಿರಲಿಲ್ಲ. ಆದರೂ ಆ ಮನೆಯಲ್ಲಿ ಇವಳು ಯಾರು ಎಂದು ಎಲ್ಲರಿಗೂ ಗೊತ್ತಿದ್ದ ಹಾಗಿತ್ತು.

ಆ ಪಾತ್ರ ಮಾಡಿದ ಹುಡುಗಿಗೆ ಈಗ ಐವತ್ತರ ಆಸುಪಾಸು. ಬದುಕಿದ್ದರೆ ಅಕ್ಕನಿಗೂ ಅಷ್ಟೇ. ಐವತ್ತರ ಅಕ್ಕ ಹೇಗಿರುತ್ತಿದ್ದಳು ಎಂದು ತಿಳಿಯಲು ಜಗತ್ತಿನಲ್ಲಿ ಇದ್ದದ್ದು ಅದೊಂದೇ ಮುಖ.

ಚಪ್ಪಾಳೆ ಬಿತ್ತು. ನಾಲ್ವರು ಬಂದು ನಾಲ್ಕು ಕುರ್ಚಿಗಳಲ್ಲಿ ಕೂತರು. ದೊಡ್ಡಣ್ಣನ ಪಾತ್ರದವನು ತಲೆ ಬೋಳಾಗಿ, ದನಿ ಮಾತ್ರ ಹಾಗೇ ಉಳಿದು, ಬಂದ ಕೂಡಲೇ ಜನರನ್ನು ನಗಿಸಲು ಶುರು ಮಾಡಿದ. ಮೊದ್ದು ಈಗ ಕಡ್ಡಿಯ ಹಾಗೆ ಒಣಗಿದ್ದ. ಚಿಕ್ಕಿ ದಪ್ಪಗಾಗಿ, ಕೂದಲು ಬೆಳ್ಳಗಾಗಿ, ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ಎಲ್ಲರಿಗಿಂತ ಹೆಚ್ಚು ಮಾತಾಡಿದಳು. ಆ ಟೇಪುಗಳಲ್ಲಿ ಒಂದೂ ಉಳಿದಿಲ್ಲ, ಅವುಗಳ ಮೇಲೇ ಬೇರೆ ಕಾರ್ಯಕ್ರಮ ತುಂಬಿ ಅಳಿಸಿಬಿಟ್ಟರು ಎಂದು ಅವಳು ಹೇಳಿದಾಗ ಸಭೆ ಅಯ್ಯೋ ಎಂದಿತು. "ನಾವು ಈಗ ಇರೋದು ನಿಮ್ಮ ತಲೇಲಿ ಮಾತ್ರ. ಸ್ವಲ್ಪ ಜೋಪಾನ ಮಾಡ್ರಪ್ಪಾ!"

ಪ್ರಶ್ನೆ ಕೇಳುವವರು ಕೈ ಎತ್ತಿ ಎಂದಾಗ ಗಿರಣಿಯವನ ಕೈ ತಾನಾಗಿ ಮೇಲೆ ಹೋಯಿತು. ಮೈಕು ಕೈಗೆ ಬಂದ ಮೇಲೆ, ಯಾಕಾದರೂ ಎತ್ತಿದೆನೋ ಎನ್ನಿಸಿತು. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಅಭ್ಯಾಸವಾದ ಗಂಟಲು; ಮಾತು ಎಲ್ಲರ ಕಿವಿಗೂ ಬಡಿಯುವಷ್ಟು ಜೋರಾಗಿ ಬಂತು.

"ಐದನೆಯವಳು ಯಾಕೆ ಬಂದಿಲ್ಲ?"

ದೊಡ್ಡಣ್ಣ ಮೇಜು ತಟ್ಟಿ ನಕ್ಕ. "ಸ್ವಾಮಿ, ನಿಮ್ಮ ಮನೆ ಗುಡ್ಡದ ಹಿಂದಾ?"

"ಹೌದು."

"ನೋಡಿದ್ರಾ! ಹೋದಲ್ಲೆಲ್ಲ ಒಬ್ಬರಾದ್ರೂ ಸಿಗ್ತಾರೆ." ಅವನು ಸಭೆಯ ಕಡೆ ತಿರುಗಿದ. "ಗುಡ್ಡದ ಹಿಂದಿನ ಮನೆಗಳಿಗೆ ಸಿಗ್ನಲ್ಲು ನೇರವಾಗೂ ಬರೋದು, ಗುಡ್ಡಕ್ಕೆ ಬಡಿದೂ ಬರೋದು. ಬಡಿದು ಬಂದಿದ್ದು ಒಂಚೂರು ತಡ. ಆಗ ಒಬ್ಬೊಬ್ಬರ ಪಕ್ಕದಲ್ಲೂ ಒಂದೊಂದು ನೆರಳು ಕಾಣ್ಸುತ್ತೆ. ಸಾಲು ನಿಂತಾಗ ನನ್ನ ನೆರಳು ಇವಳ ಮೇಲೆ, ಇವಳದು ಮೊದ್ದು ಮೇಲೆ, ಅವನದು ಚಿಕ್ಕಿ ಮೇಲೆ ಬಿದ್ದು ಕಲಸಿಹೋಗ್ತಿತ್ತು. ಚಿಕ್ಕಿ ನೆರಳಿಗೆ ಪಾಪ ಬೀಳೋಕೆ ಯಾರೂ ಇಲ್ಲ. ಬರೀ ಗೋಡೆ ಮೇಲೆ ಒಂದೇ ನಿಂತ್ಕೊಳ್ತಿತ್ತು. ನಿಮ್ಮ ಐದನೆಯವಳನ್ನ ಹೆತ್ತಿದ್ದು ನಿಮ್ಮ ಆಂಟೆನಾ ಸ್ವಾಮಿ!"

ಸಭೆ ಗೊಳ್ಳೆಂದಿತು. ಕನ್ನಡಕದವನು ಇವನ ಬೆನ್ನು ತಟ್ಟಿದ. ಗಿರಣಿಯವನೂ ನಕ್ಕ, ನಗದೆ ಬೇರೆ ದಾರಿ ಇರಲಿಲ್ಲ. ಮೈಕನ್ನು ಯಾರೋ ಕೈಯಿಂದ ತೆಗೆದುಕೊಂಡರು. ಟೀವಿಯಲ್ಲಿ ಚಿಕ್ಕಿ ತಾಯಿಗೆ ಕೈ ಬೀಸಿದಾಗ ಐದನೆಯವಳೂ ಬೀಸುತ್ತಿದ್ದಳು, ಚಿಕ್ಕಿ ತಲೆ ಕೆರೆದರೆ ಅವಳೂ ಕೆರೆಯುತ್ತಿದ್ದಳು. ಅಕ್ಕತಂಗಿಯರು ಹಾಗೇ ಅಲ್ಲವೇ ಎಂದುಕೊಂಡಿದ್ದ. ಅಮ್ಮನಿಗೆ ಸೇರದ ಆ ಬಾಯಿಬಡುಕಿ, ಅಮ್ಮ ಮನೆಕೆಲಸ ಬಿಟ್ಟು ನೋಡುತ್ತಿದ್ದ ಆ ಮೌನಿ, ಇಬ್ಬರೂ ಒಬ್ಬಳೇ. ಇದನ್ನು ಹೋಗಿ ಯಾವ ಬಾಯಲ್ಲಿ ಹೇಳುವುದು?

ಫೋಟೋ ತೆಗೆಸಿಕೊಳ್ಳುವವರು ಪಕ್ಕದ ಗೋಡೆಯ ಹತ್ತಿರ ಸಾಲು ನಿಂತರು. ಇವನು ಹೊರಗೆ ಹೋಗಿಬಿಡೋಣ ಎಂದು ಬಾಗಿಲವರೆಗೆ ಹೋಗಿ, ಬರಿಗೈಯಲ್ಲಿ ಹೋಗಲಾರದೆ ತಿರುಗಿ ಬಂದು ಸಾಲಿನ ಬಾಲಕ್ಕೆ ಸೇರಿಕೊಂಡ. ಅವನ ಸರದಿ ಬರುವ ಹೊತ್ತಿಗೆ ಸಭೆ ಖಾಲಿಯಾಗಿತ್ತು. ಕುರ್ಚಿಗಳನ್ನು ಮಡಚಿ ಒಂದರ ಮೇಲೊಂದು ಒಟ್ಟುತ್ತಿದ್ದರು.

ಚಿಕ್ಕಿ ಅವನನ್ನು ಗುರುತು ಹಿಡಿದಳು. "ಬನ್ನಿ ಬನ್ನಿ. ನನ್ನ ನೆರಳಿನ ಅಭಿಮಾನಿ ಅಲ್ವಾ ನೀವು? ನನಗಂತೂ ಹೊಟ್ಟೆಕಿಚ್ಚು!"

"ನನಗಲ್ಲಮ್ಮಾ. ನಮ್ಮ ತಾಯಿಗೆ," ಎಂದ ಅವನು. ಇಷ್ಟು ಹೇಳಿ ನಿಲ್ಲಿಸಬೇಕೆಂದಿದ್ದ, ಆಗಲಿಲ್ಲ. ದನಿ ತಗ್ಗಿಸಿ ಅಕ್ಕನ ವಿಷಯ ಹೇಳಿದ, ಫೋಟೋ ಇಲ್ಲದ್ದು ಹೇಳಿದ. "ಅವಳು ಹೇಗಾಗಿದ್ದಾಳೆ ನೋಡ್ಕೊಂಡು ಬಾ ಅಂತ ಕಳಿಸಿದ್ದಾರೆ."

ಚಿಕ್ಕಿ ಕನ್ನಡಕ ತೆಗೆದಳು. ಬರಿಗಣ್ಣಿನಲ್ಲಿ ಅವಳ ಮುಖ ಬೇರೆಯಾಗಿ, ಸುಸ್ತಾದವಳ ಹಾಗೆ ಕಂಡಿತು. ಗಿರಣಿಯವನು ಅದನ್ನು ನಾಚಿಕೆ ಬಿಟ್ಟು ನೋಡಿದ. ಇದೇ ತಾನೇ ಆ ಮುಖ, ಬೇರೆ ಇಲ್ಲವಲ್ಲ. ದುಂಡು ಕೆನ್ನೆ, ಗದ್ದದ ಕೆಳಗೆ ಒಂದು ಮಚ್ಚೆ, ನಕ್ಕು ನಕ್ಕು ಕಣ್ಣ ಸುತ್ತ ಬಿದ್ದ ಗೆರೆ. ಒಳ್ಳೆಯ ಮುಖ. ಆದರೆ ಅವನ ಒಳಗೆ ಏನೂ ಅಲುಗಲಿಲ್ಲ.

"ನನ್ನೊಬ್ಬಳದೇ ಒಂದು ಫೋಟೋ ತೊಗೊಳ್ಳಿ," ಎಂದಳು ಅವಳು ಮೆಲ್ಲಗೆ. "ಇವಳೇ ಅವಳು ಅಂತ ಹೇಳಿ. ಸುಳ್ಳೇನಲ್ಲವಲ್ಲ?"

"ನಮ್ಮಮ್ಮ ನಿಮ್ಮನ್ನ ಗುರುತು ಹಿಡೀತಾಳೆ. ನಿಮ್ಮನ್ನ ಕಂಡ್ರೆ ಅವಳಿಗೆ..." ಎಂದು ಅವನು ತಡವರಿಸಿದ.

"ಆಗ್ತಿರ್ಲಿಲ್ವಾ?"

"ಬಾಯಿ ಜಾಸ್ತಿ ಅಂತಿದ್ಲು."

ಅವಳಿಗೆ ನಗು ಬಂತು. "ಈಗಲೂ ಹಾಗೇ ಅಂತಾರೆ, ಮನೇಲಿ."

ಫೋಟೋ ತೆಗೆಯುವವನು ಅವಸರ ಮಾಡಿದ. "ನಾಲ್ವರೂ ಹಳೇ ಥರಾನೇ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಯಜಮಾನ್ರೇ, ನಿಮ್ಮ ಮೊಬೈಲು ಕೊಡಿ, ನೀವು ಕೊನೇಲಿ ನಿಲ್ಲಿ." ಅವರು ನಿಂತರು: ದೊಡ್ಡಣ್ಣ, ಕೋಪದವಳು, ಮೊದ್ದು, ಚಿಕ್ಕಿ. ಗಿರಣಿಯವನು ಚಿಕ್ಕಿಯ ಕಡೆ ನಡೆದ. ಹೆಜ್ಜೆ ಅಲ್ಲಿಯವರೆಗೆ ಹೋಗಲಿಲ್ಲ. ಒಬ್ಬರು ನಿಲ್ಲುವಷ್ಟು ಜಾಗ ಇರುವಾಗಲೇ ಕಾಲು ನಿಂತುಬಿಟ್ಟಿತು. ಅವನು ಅಲ್ಲೇ ಗೋಡೆಗೆ ಬೆನ್ನು ಕೊಟ್ಟ.

"ಇನ್ನೂ ಹತ್ತಿರ ಬನ್ನಿ. ಮಧ್ಯ ಬಸ್ಸು ಹೋಗೋಷ್ಟು ಜಾಗ ಇದೆ!"

ಅವನು ಅಲುಗಲಿಲ್ಲ. ಚಿಕ್ಕಿ ಪಕ್ಕಕ್ಕೆ ಒಮ್ಮೆ ನೋಡಿದಳು. "ಇರ್ಲಿ ಬಿಡಪ್ಪಾ," ಎಂದಳು, "ಹಾಗೇ ತೆಗಿ."

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ಅವನಿಗೆ ಅಪ್ಪ ಮಾಡಿನ ಮೇಲೆ ಹತ್ತಿದ ಒಂದು ಸಂಜೆ ನೆನಪಾಯಿತು. ಹಿಂದಿನ ರಾತ್ರಿಯ ಗಾಳಿಗೆ ಆಂಟೆನಾ ತಿರುಗಿಹೋಗಿತ್ತು. ಅಪ್ಪ ಅದನ್ನು ಹಿಡಿದು ಆ ಕಡೆ ಈ ಕಡೆ ಹೊರಳಿಸುತ್ತಾ, "ಈಗ?" ಎಂದು ಕೂಗುತ್ತಿದ್ದ. ಇವನು ಟೀವಿಯ ಮುಂದೆ ಕೂತು, "ಚೆನ್ನಾಗಿ ಬಂತು ಅಪ್ಪಾ!" ಎಂದು ಕಿರುಚಿದ್ದ. ಚಿತ್ರ ಅಷ್ಟು ಚೆನ್ನಾಗಿ ಅದುವರೆಗೆ ಬಂದೇ ಇರಲಿಲ್ಲ. ಚಿಕ್ಕಿಯ ಫ್ರಾಕಿನ ಗುಂಡಿಗಳನ್ನು ಎಣಿಸಬಹುದಿತ್ತು; ಅವಳ ಪಕ್ಕದಲ್ಲಿ ಬರೀ ಗೋಡೆ. ಅಮ್ಮ ಬಂದು ತೆರೆಯನ್ನು ನೋಡಿದಳು. ಹೊರಗೆ ಹೋಗಿ, ಮಾಡಿನ ಕೆಳಗೆ ನಿಂತು, "ಸರಿ ಇಲ್ಲ, ಇನ್ನೂ ತಿರುಗಿಸಿ," ಎಂದಳು. ಒಳಗೆ ಬಂದು ನೋಡಿದಳು, ಮತ್ತೆ ಹೊರಗೆ ಹೋದಳು. "ಇನ್ನೂ ಸ್ವಲ್ಪ." ಹಾಗೆ ಎಷ್ಟು ಸಲ ಒಳಗೆ ಹೊರಗೆ ಓಡಾಡಿದಳೋ. ಕೊನೆಗೊಮ್ಮೆ, "ಸಾಕು. ಇನ್ನು ಅದನ್ನ ಯಾರೂ ಮುಟ್ಬೇಡಿ," ಎಂದಿದ್ದಳು. ಅಪ್ಪ ಕೆಳಗಿಳಿದು ಬಂದು ಮಸುಕಾದ ಚಿತ್ರವನ್ನು ನೋಡಿ, ಅಮ್ಮನ ಮುಖ ನೋಡಿ, ಕಾಲು ತೊಳೆಯಲು ಹೋಗಿದ್ದ.

ಬಸ್ಸು ಗುಡ್ಡವನ್ನು ಸುತ್ತಿಕೊಂಡು ಈಚೆಗೆ ಇಳಿಯಿತು.

ಮನೆ ಮುಟ್ಟಿದಾಗ ಸಂಜೆಯ ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಅಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹೆಂಡತಿ ಒಳಗಿನಿಂದಲೇ, "ಬಂದ್ರಾ? ಊರೆಲ್ಲ ಗೋಧಿ ಹೊತ್ಕೊಂಡು ಬಂದು ನಿಮಗೆ ಬೈದು ಹೋಯ್ತು," ಎಂದಳು. ಅವನು ಅಮ್ಮನ ಪಕ್ಕ ನೆಲಕ್ಕೆ ಕೂತ.

"ನೋಡಿದ್ಯಾ?" ಎಂದಳು ಅಮ್ಮ.

ಅವನು ಫೋಟೋ ತೆರೆದು ಮೊಬೈಲನ್ನು ಅವಳ ಕೈಗೆ ಕೊಟ್ಟ.

ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಎಡಗಡೆಯಿಂದ ನೋಡುತ್ತಾ ಬಂದಳು. "ಇವನು ದೊಡ್ಡೋನು. ಬೋಳಾಗಿದ್ದಾನೆ. ಇವಳು ಕೋಪದವಳು. ಅಯ್ಯೋ, ಇವನ್ಯಾಕೆ ಹೀಗೆ ಒಣಗಿದ್ದಾನೆ? ಇವಳು ಆ ಬಾಯಿಬಡುಕಿ." ಬೆರಳು ಅಲ್ಲಿ ನಿಂತಿತು. ಆಮೇಲೆ ತುದಿಯಲ್ಲಿದ್ದ ಮಗನಿಗೆ ಹಾರಿತು. "ನೀನ್ಯಾಕೆ ಅಷ್ಟು ದೂರ ನಿಂತೆ?"

"ಹಾಗೇ," ಎಂದ.

ಅಮ್ಮ ಬೆರಳನ್ನು ಹಿಂದಕ್ಕೆ ತಂದು ಚಿಕ್ಕಿಗೂ ಅವನಿಗೂ ನಡುವೆ ಇಟ್ಟಳು. ಮೊಮ್ಮಕ್ಕಳು ಮಾಡುವುದನ್ನು ನೋಡಿ ಕಲಿತಿದ್ದಳೇನೋ, ಎರಡು ಬಾರಿ ತಟ್ಟಿದಳು. ಚಿತ್ರ ಹಿಗ್ಗಿತು. ಚಿಕ್ಕಿ ಒಂದು ಕಡೆ ಸರಿದುಹೋದಳು, ಇವನು ಇನ್ನೊಂದು ಕಡೆ. ತೆರೆಯ ತುಂಬ ಬರೀ ಗೋಡೆ ಉಳಿಯಿತು, ಬೂದು ಬಣ್ಣದ, ಅಲ್ಲಲ್ಲಿ ಕಾಳು ಕಾಳಾದ ಗೋಡೆ.

"ದೀಪ ಹಾಕ್ಲಾ ಅತ್ತೆ?" ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಈಗ ಬೇಡ ಕಣಮ್ಮಾ."

ಅಮ್ಮ ಮೊಬೈಲನ್ನು ಇಬ್ಬರಿಗೂ ಕಾಣುವ ಹಾಗೆ ಸ್ವಲ್ಪ ಇವನ ಕಡೆ ವಾಲಿಸಿ ಹಿಡಿದಳು. ಅದರ ಬೆಳಕು ಅವಳ ಗದ್ದಕ್ಕೆ, ಕೆನ್ನೆಗೆ ಬಿದ್ದಿತ್ತು. ಕೋಣೆ ನಿಧಾನವಾಗಿ ಕತ್ತಲಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ತೆರೆ ಮಂಕಾಗಿ ಇನ್ನೇನು ಆರಬೇಕು ಎನ್ನುವಾಗ ಅವಳು ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ಬೆಳಕು ಮತ್ತೆ ಬಂತು.