ಹಿತ್ತಿಲ ಮೆಟ್ಟಿಲಿಗೆ ಕೇಳುತ್ತಿದ್ದ ಕಾರು

"ಕಣ್ಣು ಮುಚ್ಕೊಳ್ಳಿ ಗುರುವೇ, ನಾನು ಹೇಳೋವರೆಗೂ ತೆಗೀಬೇಡಿ," ಎಂದು ಟ್ರೆಂಟ್ ಹಿಂದಿನ ಓಣಿಯಿಂದಲೇ ಕೂಗಿದ.

ಕ್ಲೆಮ್ ಹ್ಯಾರಡೈನ್ ಕಣ್ಣು ಮುಚ್ಚಲಿಲ್ಲ. ಮುಚ್ಚಿ ಆಗಬೇಕಾದದ್ದೂ ಏನಿರಲಿಲ್ಲ. ಟ್ರೇಲರಿನ ಮೇಲೆ ಹೊದಿಸಿದ್ದ ಟಾರ್ಪಾಲು ಗಾಳಿಗೆ ಎದ್ದು ಆಗಲೇ ಒಂದು ಮೂಲೆ ಕಾಣಿಸಿಬಿಟ್ಟಿತ್ತು. ಆ ಹಳದಿಯನ್ನು ಅವನು ನಿದ್ದೆಗಣ್ಣಲ್ಲೂ ಗುರುತಿಸುತ್ತಿದ್ದ. ಅದು ಯಾವ ಕಾರಿನ ಕಂಪನಿಯ ಬಣ್ಣವೂ ಅಲ್ಲ. ಪುರಸಭೆಯವರು ರಸ್ತೆ ರೋಲರಿಗೆ ಬಳಿದು ಉಳಿಸಿದ್ದ ಬಣ್ಣ. ಕ್ಲೆಮ್ ಆಗ ಕೆಲಸಕ್ಕಿದ್ದ ಗ್ಯಾರೇಜಿನ ಯಜಮಾನ ಕ್ಲಾರಿ ಫೆನ್ವಿಕ್ ಅದನ್ನು ಎರಡು ಡಬ್ಬ ಬಿಯರಿಗೆ ಬದಲಾಯಿಸಿಕೊಂಡು ತಂದಿದ್ದ.

"ಡಲ್ಸಿ, ಕಂಡ್ಯಾ?" ಎಂದು ಕ್ಲೆಮ್ ಹಿಂತಿರುಗಿ ನೋಡಿದ.

ಅವನ ಹೆಂಡತಿ ಡಲ್ಸಿ ಹಿತ್ತಿಲ ಮೆಟ್ಟಿಲ ಮೇಲೆ ದಿಂಬು ಹಾಕಿಕೊಂಡು ಕೂತಿದ್ದಳು. ಮೂಗಿಗೆ ಸಿಕ್ಕಿಸಿದ್ದ ಸಣ್ಣ ಕೊಳವೆ ಜಾಲರಿ ಬಾಗಿಲ ಸಂದಿಯಿಂದ ಒಳಗೆ ಹೋಗಿ, ಅಡುಗೆಮನೆಯಲ್ಲಿದ್ದ ಆಮ್ಲಜನಕದ ಯಂತ್ರವನ್ನು ಸೇರಿತ್ತು. ಯಂತ್ರ ಒಳಗಿಂದ ಉಸ್, ಉಸ್ ಎನ್ನುತ್ತಿತ್ತು.

"ಕಿವೀನೇ ಅಲ್ವಾ ನಂದು ಗಟ್ಟಿ," ಎಂದಳು ಅವಳು. "ಕಣ್ಣಿಗೆ ಅದು ಬಾಳೆಹಣ್ಣಿನ ಥರ ಕಾಣುತ್ತೆ."

ಅಕ್ಟೋಬರಿನ ಶನಿವಾರ. ಮರುದಿನ ಬೆಟ್ಟದ ಮೇಲೆ ಕಾರುಗಳ ದೊಡ್ಡ ಓಟ. ಬ್ಯಾಥರ್ಸ್ಟ್ ಊರಿನ ತುಂಬ ಕ್ಯಾರವಾನುಗಳು, ಕೆಂಪು ಬಾವುಟ, ನೀಲಿ ಬಾವುಟ. ಹಿಂದೆ ಈ ಊರಲ್ಲಿ ಹೋಲ್ಡನ್ ಮನೆಯವರು, ಫೋರ್ಡ್ ಮನೆಯವರು ಅಂತ ಎರಡೇ ಜಾತಿ. ಡಲ್ಸಿಯ ಅಪ್ಪ ಫೋರ್ಡ್ ಮನುಷ್ಯ. ಹೋಲ್ಡನ್ ಕಾರಲ್ಲಿ ಮಗಳು ಮದುವೆಗೆ ಚರ್ಚಿಗೆ ಹೋಗುವುದಾದರೆ ತಾನು ನಡೆದುಕೊಂಡು ಬರುತ್ತೇನೆ ಎಂದಿದ್ದ. ಹಾಗೇ ನಡೆದೇ ಬಂದಿದ್ದ. ಈಗ ಎರಡು ಕಂಪನಿಯ ಕಾರುಗಳೂ ಈ ನೆಲದಲ್ಲಿ ತಯಾರಾಗುವುದಿಲ್ಲ. ಆದರೂ ಜನ ಬಾವುಟ ಹಿಡಿದುಕೊಂಡು ಬರುತ್ತಾರೆ, ಸತ್ತ ರಾಜರ ಪರವಾಗಿ ಜಗಳ ಆಡುವವರ ಹಾಗೆ.

ಟ್ರೆಂಟ್ ಟಾರ್ಪಾಲು ಎಳೆದ. ಹೋಲ್ಡನ್ ಕಂಪನಿಯ ಹಳೆಯ ಟೊರಾನಾ ಕಾರು ಬಿಸಿಲಿಗೆ ಬಂತು.

ಕ್ಲೆಮ್ ಹತ್ತಿರ ಹೋಗಿ ಬಾಗಿಲ ಮೇಲೆ ಅಂಗೈ ಇಟ್ಟ. ಲಿಥ್ಗೋ ಕಡೆ ಯಾವುದೋ ಕೋಳಿಗೂಡಿನ ಹಿಂದೆ ಈ ಕಾರು ಮಣ್ಣಾಗುತ್ತಾ ಬಿದ್ದಿತ್ತಂತೆ. ಫೆನ್ವಿಕ್ ಗ್ಯಾರೇಜಿನವರು ಇದನ್ನು ಓಟಕ್ಕಿಳಿಸುತ್ತಿದ್ದ ಕಾಲದಲ್ಲಿ ಟ್ರೆಂಟ್ ಮಲ್ಕಾಹಿ ಹುಟ್ಟಿಯೂ ಇರಲಿಲ್ಲ. ಆದರೆ ಇವರ ಹಳೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಒಂದೊಂದು ಬೋಲ್ಟನ್ನೂ ಹುಡುಕಿ ತಂದು ಕೂರಿಸಿದ್ದ. ನಾಳೆ ಓಟ ಶುರುವಾಗುವ ಮೊದಲು ಹಳೆಯ ಕಾರುಗಳ ಮೆರವಣಿಗೆ. ಬೆಟ್ಟಕ್ಕೆ ಒಂದು ಸುತ್ತು. ಟ್ರೆಂಟ್ ಓಡಿಸುತ್ತಾನೆ. ಪಕ್ಕದಲ್ಲಿ ಕೂತುಕೊಳ್ಳಿ ಎಂದು ಕ್ಲೆಮ್‌ಗೆ ದುಂಬಾಲು ಬಿದ್ದಿದ್ದ. ಡಲ್ಸಿಯನ್ನು ಒಬ್ಬಳೇ ಬಿಟ್ಟು ಬರಲಾರೆ ಎಂದು ಕ್ಲೆಮ್ ಅದಕ್ಕೆ ಒಪ್ಪಿರಲಿಲ್ಲ.

ದೊಡ್ಡ ತಂಡಗಳಿಗೆ ಆಗ ಲಾರಿಗಳಿದ್ದವು, ಹೆಸರು ಬರೆದ ಅಂಗಿಗಳಿದ್ದವು. ಫೆನ್ವಿಕ್ ಗ್ಯಾರೇಜಿನವರಿಗೆ ಇದ್ದದ್ದು ಒಂದು ಡೇರೆ, ಡಲ್ಸಿ ಕಟ್ಟಿಕೊಡುತ್ತಿದ್ದ ಕುರಿಮಾಂಸದ ಸ್ಯಾಂಡ್‌ವಿಚ್, ಮತ್ತು ಮಳೆ ಬಂದರೆ ಮಲಗಲು ಕಾರಿನ ಅಡಿ. ಒಂದು ವರ್ಷ ಹನ್ನೊಂದನೆಯ ಸ್ಥಾನ ಬಂದಿತ್ತು. ಆ ಹನ್ನೊಂದರ ಲೆಕ್ಕದಲ್ಲಿ ಊರ ಹೋಟೆಲಿನಲ್ಲಿ ಕ್ಲೆಮ್‌ಗೆ ಇವತ್ತಿಗೂ ಯಾರಾದರೊಬ್ಬರು ಒಂದು ಗ್ಲಾಸು ಬಿಯರು ಕೊಡಿಸುತ್ತಾರೆ.

ಡಲ್ಸಿ ಒಂದು ಸಲವೂ ಬೆಟ್ಟ ಹತ್ತಿದವಳಲ್ಲ. ಮಕ್ಕಳು ಚಿಕ್ಕವು, ಬಟ್ಟೆ ರಾಶಿ. ಆದರೆ ಗಾಳಿ ಈ ಕಡೆಗೆ ಬೀಸಿದರೆ ಬೆಟ್ಟದ ಸದ್ದೆಲ್ಲ ಇದೇ ಹಿತ್ತಿಲ ಮೆಟ್ಟಿಲಿಗೆ ಬಂದು ಬೀಳುತ್ತಿತ್ತು. ಕ್ಲೆಮ್ ಹಳೆಯ ನೀರಿನ ಪೈಪು ಬೆಸೆದು ಹೊಗೆಕೊಳವೆ ಮಾಡಿದ್ದರಿಂದ ಅವರ ಕಾರಿಗೆ ಗಂಟಲು ಕಟ್ಟಿದ ಹುಂಜದ ಧ್ವನಿ. ಅಷ್ಟೊಂದು ಕಾರುಗಳ ಗದ್ದಲದಲ್ಲಿ ಅವಳು ಅದೊಂದನ್ನು ಹೆಕ್ಕಿ ಹಿಡಿಯುತ್ತಿದ್ದಳು. ಸಂಜೆ ಅವನು ಮನೆಗೆ ಬಂದು ಬಾಯಿ ತೆಗೆಯುವ ಮೊದಲೇ, "ಊಟದ ಹೊತ್ತಲ್ಲಿ ತುಂಬಾ ಹೊತ್ತು ನಿಂತಿದ್ರಲ್ಲ, ಗೇರ್‌ಬಾಕ್ಸಾ?" ಎಂದು ಕೇಳುತ್ತಿದ್ದಳು. ಗೇರ್‌ಬಾಕ್ಸೇ ಆಗಿರುತ್ತಿತ್ತು.

"ಸ್ಟಾರ್ಟ್ ಮಾಡ್ಲಾ?" ಎಂದ ಟ್ರೆಂಟ್. "ಡಲ್ಸಿ, ನಿಮಗೋಸ್ಕರಾನೇ ತಂದಿದ್ದು. ಆ ಪೈಪು ಕೂಡ ಹಾಗೇ ಮಾಡಿಸಿದೀನಿ."

"ಬೇಡಪ್ಪಾ, ಇಲ್ಲಿ ಬೇಡ," ಎಂದು ಡಲ್ಸಿ ಕೈ ಆಡಿಸಿದಳು. ಮಾತಿನ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲಬೇಕಿತ್ತು. "ಮನೆ ಹತ್ರ ಕೇಳಿದ್ರೆ ಅದು ಬೇರೆ ಸದ್ದು. ನಾಳೆ ಮೇಲಿಂದ ಬರ್ಲಿ. ಇಲ್ಲೇ ಕೂತು ಕೇಳ್ತೀನಿ. ಅದೊಂದು ನಂಗೆ ಬೇಕು."

ಅವಳು ಏನನ್ನಾದರೂ ಬೇಕು ಎಂದು ಕೇಳಿ ಬಹಳ ಕಾಲವಾಗಿತ್ತು. ಕ್ಲೆಮ್ ಬಾಗಿಲ ಮೇಲಿಟ್ಟ ಕೈಯನ್ನು ಹಾಗೇ ಒತ್ತಿ ಹಿಡಿದ.

ಟ್ರೆಂಟ್ ಒಂದೊಂದನ್ನೇ ತೋರಿಸತೊಡಗಿದ. ಸೀಟು, ಗಡಿಯಾರದಂಥ ಮೀಟರುಗಳು, ಕ್ಲಾರಿ ಗೀಚಿದ್ದ ಅಂಕಿ ಇದ್ದ ಜಾಗ. ಅವನ ಮೈಮೇಲೆ ಆಗಿನಂಥದೇ ಹಳದಿ ಮೇಲಂಗಿ. ಎದೆಯ ಮೇಲೆ ಫೆನ್ವಿಕ್ ಎಂದು ಅವನೇ ಹೊಸದಾಗಿ ಹಾಕಿಸಿದ ಕೆಂಪು ದಾರದ ಕಸೂತಿ. ಅವನು ಬಗ್ಗಿ ಎದ್ದಾಗಲೆಲ್ಲ ಕ್ಲೆಮ್‌ಗೆ ತನ್ನನ್ನೇ ಯಾರೋ ಎಬ್ಬಿಸಿ ನಿಲ್ಲಿಸಿದಂತೆ ಆಗುತ್ತಿತ್ತು. ಎದೆ ಉಬ್ಬುತ್ತಿತ್ತು. ಉಬ್ಬಿದ್ದಕ್ಕೆ ಮರುಕ್ಷಣವೇ ನಾಚಿಕೆಯಾಗುತ್ತಿತ್ತು.

"ಇನ್ನೊಂದು ಇದೆ, ಇದನ್ನ ಕೇಳಿ," ಎಂದ ಟ್ರೆಂಟ್, ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು. "ಬ್ರೇಕಿನ ಲೈನಿಂಗ್ ಇದೆಯಲ್ಲ, ಡ್ರಮ್ಮಿಗೆ ಉಜ್ಜೋ ಪಟ್ಟಿ, ಅದೂ ಆಗಿನದ್ದೇ. ಪಾರ್ಕ್ಸ್ ಊರಲ್ಲಿ ಒಬ್ಬ ಮುದುಕ ತೀರ್ಕೊಂಡ, ಅವನ ಶೆಡ್ಡಲ್ಲಿ ಸಿಕ್ತು. ಮೇಣದ ಕಾಗದ ಕೂಡ ಬಿಚ್ಚಿರ್ಲಿಲ್ಲ! ಇವತ್ತು ಬೆಳಿಗ್ಗೆಯೆಲ್ಲ ಕೂತು ಡ್ರಮ್ಮಿಗೆ ಸರಿಹೋಗೋ ಹಾಗೆ ಉಜ್ಜಿದೆ. ಆಮೇಲೆ ಗಾಳಿ ಪೈಪು ಹಿಡ್ದು ಊದಿದೆ, ಫೋಟೋದಲ್ಲಿ ನೀವು ಊದ್ತಿದೀರಲ್ಲ, ಹಾಗೇ. ಏನು ಧೂಳು ಅಂತೀರ!"

ಅವನು ತೋಳನ್ನು ತಟ್ಟಿಕೊಂಡ. ಬೂದಿಬಣ್ಣದ ಧೂಳು ಬಿಸಿಲಲ್ಲಿ ಎದ್ದು, ಇಳಿಯಲು ಮನಸ್ಸಿಲ್ಲದಂತೆ ನಿಂತಿತು.

ಕ್ಲೆಮ್ ಆ ಫೋಟೋವನ್ನು ನೆನೆಯಬೇಕಾಗಿರಲಿಲ್ಲ. ಊರಿನ ಕಾರು ಕ್ಲಬ್ಬಿನ ಗೋಡೆಯ ಮೇಲೇ ಇದೆ. ಡ್ರಮ್ಮು ಬಿಚ್ಚಿ ಗಾಳಿ ಪೈಪು ಹಿಡಿದ ಒಬ್ಬ ಯುವಕ, ಸುತ್ತಲೂ ಬಿಳಿ ಮೋಡ, ಮೋಡದಲ್ಲಿ ಅವನ ಹಲ್ಲು ಮಾತ್ರ ಕಾಣುತ್ತದೆ. ನಗುತ್ತಿದ್ದಾನೆ. ಎಲ್ಲರೂ ಹಾಗೇ ಊದುತ್ತಿದ್ದರು. ಬಟ್ಟೆಯಲ್ಲಿ ಒರೆಸುತ್ತಾ ಕೂರುವವನನ್ನು ಕಂಡರೆ ಗೇಲಿ ಮಾಡುತ್ತಿದ್ದರು.

"ಕೇಲೀ ಬೈತಾಳೆ," ಎಂದು ಟ್ರೆಂಟ್ ನಕ್ಕ. "ವಾಷಿಂಗ್ ಮೆಷಿನ್ ಕೆಟ್ಟೋಗುತ್ತೆ, ಹಾಕೋ ಮುಂಚೆ ಒದರು ಅಂತಾಳೆ. ಕೊನೆಗೆ ಒದರೋದೂ ಅವಳೇ. ನನ್ನ ಹೆಂಡ್ತಿ ಒದರೋದು ನೋಡ್ಬೇಕು ನೀವು, ಚಾಟಿ ಹೊಡ್ದ ಹಾಗೆ."

ಕ್ಲೆಮ್ ಮೆಟ್ಟಿಲ ಕಡೆ ನೋಡಬಾರದು ಎಂದುಕೊಂಡ. ನೋಡಿದ. ಡಲ್ಸಿ ತನ್ನ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಳ್ಳುತ್ತಿದ್ದಳು.

ಅದೇ ಮೆಟ್ಟಿಲು. ಆಗೆಲ್ಲ ಓಟದ ಭಾನುವಾರದ ಮಾರನೆಯ ದಿನ ಅವಳು ಅವನ ಮೇಲಂಗಿಯನ್ನು ಅಲ್ಲಿ ನಿಂತು ಒದರುತ್ತಿದ್ದಳು. ಪಕ್ಕದ ಮನೆಯವನು ಬೇಲಿಯಾಚೆಯಿಂದ, "ಏನಮ್ಮಾ, ನಿಂದೂ ಓಟ ಶುರುವಾಯ್ತಾ?" ಎನ್ನುತ್ತಿದ್ದ. ಈಗ ಶ್ವಾಸಕೋಶದ ಪೊರೆಯಲ್ಲಿ ಗಂಟು ಎಂದು ಆರೆಂಜ್ ಊರಿನ ಆಸ್ಪತ್ರೆಯಲ್ಲಿ ಹೇಳಿದಾಗ ಅಲ್ಲಿಯ ಡಾಕ್ಟರಮ್ಮ ಒಂದೊಂದಾಗಿ ಕೇಳಿದ್ದಳು. ಕಾರ್ಖಾನೆಯಲ್ಲಿ ದುಡಿದಿದ್ರಾ? ಇಲ್ಲ. ಗಂಡನ ಕೆಲಸ? ಮೆಕ್ಯಾನಿಕ್. ಅವರ ಬಟ್ಟೆ ಯಾರು ಒಗೀತಿದ್ರು? ಡಲ್ಸಿಗೆ ನಗು ಬಂದಿತ್ತು. "ಇನ್ಯಾರು ಡಾಕ್ಟ್ರೇ, ಇಂಗ್ಲೆಂಡ್ ರಾಣಿ ಬಂದು ಒಗೀತಾಳಾ?" ಎಂದಿದ್ದಳು. ಡಾಕ್ಟರಮ್ಮ ನಗದೆ ಕ್ಲೆಮ್ ಕಡೆ ಒಮ್ಮೆ ನೋಡಿ ಬರೆದುಕೊಂಡಳು. ಅವನಿಗೆ ಅಷ್ಟರಲ್ಲೇ ಎಲ್ಲ ತಿಳಿಯಿತು. ವಾಪಸು ಬರುವ ದಾರಿಯಲ್ಲಿ ಸೇಬು ಮಾರುವ ಅಂಗಡಿ ಕಂಡು ಅವಳು ನಿಲ್ಲಿಸು ಎಂದಳು. ಸೇಬು ತಗೊಂಡರು. ಅಂದಿನಿಂದ ಇಂದಿನವರೆಗೆ ಆ ಮಾತು ಮನೆಯೊಳಗೆ ಬಂದಿರಲಿಲ್ಲ.

"ಆ ಅಂಗೀನ ಮನೆಗೆ ಒಯ್ಬೇಡ," ಎಂದ ಕ್ಲೆಮ್.

"ಏನಂದ್ರಿ?"

"ಇಲ್ಲೇ ಬಿಚ್ಚು."

ಟ್ರೆಂಟ್ ಕಣ್ಣು ಮಿಟುಕಿಸಿದ. "ಡಲ್ಸಿ, ನೀವೇನಾದ್ರೂ ಹೇಳಿಕೊಟ್ರಾ ಇವ್ರಿಗೆ?"

"ಈ ವಯಸ್ಸಲ್ಲಿ ನಂಗ್ಯಾಕಪ್ಪಾ ಆ ಶಿಕ್ಷೆ," ಎಂದಳು ಡಲ್ಸಿ. ತಲೆ ಎತ್ತಿರಲಿಲ್ಲ.

"ತಮಾಷೆ ಅಲ್ಲ," ಎಂದ ಕ್ಲೆಮ್. "ಆ ಲೈನಿಂಗಲ್ಲಿ ಇರೋದು ಆಸ್ಬೆಸ್ಟಾಸು."

"ಓ, ಅದಾ!" ಟ್ರೆಂಟ್‌ಗೆ ಸಮಾಧಾನವೇ ಆದಂತಿತ್ತು. "ಆಗ ಎಲ್ಲಾದ್ರಲ್ಲೂ ಅದೇ ಅಲ್ವಾ ಗುರುವೇ. ಒಂದಿನಕ್ಕೆ ಏನಾಗುತ್ತೆ? ನೀವೆಲ್ಲ ಅದ್ರಲ್ಲೇ ಸ್ನಾನ ಮಾಡಿದೋರು. ನೋಡಿ, ಎಪ್ಪತ್ತೊಂಬತ್ತಕ್ಕೂ ಗುಂಡುಕಲ್ಲಿನ ಹಾಗಿದ್ದೀರ!"

ಕ್ಲೆಮ್ ಗುಂಡುಕಲ್ಲಿನ ಹಾಗಿರುವುದು ನಿಜ. ಬೆಳಿಗ್ಗೆ ಎದ್ದು ಆಳವಾಗಿ ಉಸಿರೆಳೆದರೆ ಅದು ಸರಾಗವಾಗಿ ಒಳಗೆ ಹೋಗುತ್ತದೆ. ಆ ಸರಾಗವೇ ಈಗೀಗ ಅವನಿಗೆ ತಡೆಯಲಾಗದ ಸಂಗತಿಯಾಗಿತ್ತು. ಜಾಲರಿ ಬಾಗಿಲ ಆಚೆ ಯಂತ್ರ ಉಸ್ ಎಂದಿತು.

"ಊದಿದ್ದು ನಾನು," ಎಂದ ಅವನು. ಧ್ವನಿ ಎಲ್ಲಿಂದಲೋ ಬಂದಂತಿತ್ತು. "ಒದರಿದ್ದು ಅವಳು."

ಟ್ರೆಂಟ್‌ನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿಯಿತು, ತೆಗೆಯುವುದು ಮರೆತುಹೋದವರ ಹಾಗೆ. ಅವನು ಡಲ್ಸಿಯ ಮೂಗಿನ ಕೊಳವೆಯನ್ನು ನೋಡಿದ. ತನ್ನ ತೋಳನ್ನು ನೋಡಿದ. ತಟ್ಟಲು ಎತ್ತಿದ ಕೈಯನ್ನು ನಡುವೆಯೇ ನಿಲ್ಲಿಸಿದ.

"ತಟ್ಬೇಡ," ಎಂದಳು ಡಲ್ಸಿ. "ಕ್ಲೆಮ್, ನೀರಿನ ಪೈಪು ತಾ. ಒದ್ದೆ ಮಾಡಿದ್ರೆ ಏಳಲ್ಲ ಅಂತ ಆ ನರ್ಸಮ್ಮ ಹೇಳಿದ್ಲು."

ಹಾಗಾದರೆ ಅವಳು ನರ್ಸನ್ನು ಕೇಳಿದ್ದಳು. ಯಾವಾಗ ಕೇಳಿದಳು, ತಾನೆಲ್ಲಿದ್ದೆ ಎಂದು ಕ್ಲೆಮ್‌ಗೆ ಹೊಳೆಯಲಿಲ್ಲ. ಅವಳನ್ನು ಬಾಗಿಲ ಒಳಗೆ ಕೂರಿಸಿ, ತೋಟಕ್ಕೆ ನೀರು ಹಾಯಿಸುವ ಪೈಪು ತಂದು, ಲಾನಿನ ಮಧ್ಯೆ ನಿಂತ ಟ್ರೆಂಟ್‌ನನ್ನು ಭುಜದಿಂದ ಪಾದದವರೆಗೆ ತೋಯಿಸಿದ. ಟ್ರೆಂಟ್ ಎರಡೂ ಕೈ ಅಗಲಿಸಿಕೊಂಡು ಮಗುವಿನಂತೆ ನಿಂತಿದ್ದ. ತೊಯ್ದ ಅಂಗಿಯನ್ನು ಕಸದ ಚೀಲದಲ್ಲಿ ಹಾಕಿ ಬಾಯಿ ಬಿಗಿದರು. ಡಲ್ಸಿಯ ಹೂವಿನ ನಿಲುವಂಗಿ ಹೊದ್ದು ಟ್ರೆಂಟ್ ಟ್ರೇಲರಿಗೆ ಮತ್ತೆ ಟಾರ್ಪಾಲು ಕಟ್ಟಿದ. ಯಾರಿಗೂ ಅದನ್ನು ನೋಡಿ ನಗು ಬರಲಿಲ್ಲ.

"ಕೇಲೀಗೆ ಏನಂತ ಹೇಳ್ಲಿ?" ಎಂದು ಕೇಳಿದ.

"ಇದ್ದಿದ್ದನ್ನ ಇದ್ದ ಹಾಗೆ ಹೇಳು," ಎಂದ ಕ್ಲೆಮ್. "ಇವತ್ತೇ ಹೇಳು."

ಟ್ರೇಲರು ಓಣಿ ತಿರುಗಿದ ಮೇಲೆ ಕ್ಲೆಮ್ ಮೆಟ್ಟಿಲ ಮೇಲೆ ಬಂದು ಕೂತ. ಜಾಲರಿಯ ಆ ಕಡೆ ಅವಳು, ಈ ಕಡೆ ಅವನು.

"ಬಾಯಿ ಬಿಡೋಕೆ ಇಷ್ಟು ದಿನ ಬೇಕಾಯ್ತಲ್ಲೋ ನಿಂಗೆ," ಎಂದಳು.

"ಡಲ್ಸಿ..."

"ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ ಕಣೋ. ರಾತ್ರಿ ಉಸಿರು ಸಿಗದೇ ಇದ್ದಾಗ ಸಿಟ್ಟು ಬರುತ್ತೆ. ಯಾರ ಮೇಲೆ ಅಂತ ಮಾಡ್ಲಿ? ಕ್ಲಾರಿ ಸತ್ತ. ಕಾರು ಓಡಿಸ್ತಿದ್ದ ಬ್ಯಾರಿ ಸತ್ತ. ಉಳಿದೋನು ನೀನು, ನಿಂಗೆ ಒಂದು ಮೊಟ್ಟೆ ಬೇಯಿಸೋಕೂ ಬರಲ್ಲ." ಅವಳು ಉಸಿರು ಒಟ್ಟು ಮಾಡಿಕೊಂಡಳು. "ನಾಳೆ ಅದು ಓಡುತ್ತೆ ತಾನೆ?"

"ಓಡುತ್ತೆ. ಬೇರೆ ಲೈನಿಂಗ್ ಹಾಕ್ತಾನೆ."

ಭಾನುವಾರ ಬೆಳಿಗ್ಗೆ ಟ್ರೆಂಟ್ ಫೋನ್ ಮಾಡಿದ. ಕ್ಲೆಮ್ ಅದನ್ನು ಶೆಡ್ಡಿನೊಳಗೆ ಹೋಗಿ ತೆಗೆದುಕೊಂಡ. ಆ ಅಳತೆಯ ಹೊಸ ಲೈನಿಂಗ್ ಭಾನುವಾರ ಎಲ್ಲೂ ಸಿಗುವುದಿಲ್ಲವಂತೆ. ಸಿಕ್ಕಿದ್ದರೂ ಆ ಕೆಲಸ ಗೊತ್ತಿದ್ದವರು ಬಂದು ಕಾರನ್ನೂ ಟ್ರೆಂಟ್‌ನ ಶೆಡ್ಡನ್ನೂ ಶುಚಿ ಮಾಡದೆ ಚಕ್ರ ಬಿಚ್ಚಬಾರದಂತೆ. ಕೇಲೀ ಮಕ್ಕಳನ್ನು ಕರೆದುಕೊಂಡು ಅಮ್ಮನ ಮನೆಗೆ ಹೋಗಿದ್ದಾಳೆ. ಇದನ್ನು ಹೇಳುವಾಗ ಟ್ರೆಂಟ್‌ನ ಧ್ವನಿ ಒಡೆಯಿತು. ಆಮೇಲೆ ಸರಿಮಾಡಿಕೊಂಡು, "ಮುಂದಿನ ವರ್ಷ ಖಂಡಿತ ಗುರುವೇ. ಡಲ್ಸಿಗೆ ಹೇಳಿ, ಮುಂದಿನ ವರ್ಷ," ಎಂದ.

ಒಮ್ಮೆ ಬಾಯಿ ಬಿಟ್ಟವನಿಗೆ ಎರಡನೆಯ ಸಲ ಸುಲಭವಾಗಬೇಕಿತ್ತು. ಕ್ಲೆಮ್ ಅಡುಗೆಮನೆಗೆ ಬಂದು ಟೋಸ್ಟಿಗೆ ಬೆಣ್ಣೆ ಸವರಿದ. ಟೀ ಮಾಡಿದ. ಡಲ್ಸಿ ಆಗಲೇ ಮುಖ ತೊಳೆದು, ತಲೆ ಬಾಚಿಕೊಂಡು, ಚರ್ಚಿಗೆ ಹೋಗುವಾಗಿನ ನೀಲಿ ಸ್ವೆಟರು ಹಾಕಿಕೊಂಡಿದ್ದಳು.

"ದಿಂಬು ತಗೊಂಡು ಬಾ," ಎಂದಳು. "ಗಾಳಿ ಈ ಕಡೇಗೇ ಇದೆ."

ನಿನ್ನೆ ಸ್ಟಾರ್ಟ್ ಮಾಡಿಬಿಡಬಹುದಿತ್ತು. ಸುಮ್ಮನೆ ಒಂದು ಸಲ ಕೀಲಿ ತಿರುಗಿಸಿದ್ದರೆ ಸಾಕಿತ್ತು. ದಿಂಬು ಹಾಕುವಾಗ, ಕೊಳವೆಯನ್ನು ಜಾಲರಿ ಬಾಗಿಲ ಸಂದಿಯಿಂದ ಎಳೆದು ಸರಿಮಾಡುವಾಗ, ಅವನ ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು.

ಮೆರವಣಿಗೆ ಶುರುವಾಯಿತು. ಮೊದಲು ಹೆಲಿಕಾಪ್ಟರು, ಆಮೇಲೆ ಬೆಟ್ಟದ ಅಂಚಿನಿಂದ ಒಂದೊಂದಾಗಿ ಸದ್ದುಗಳು. ಡಲ್ಸಿ ತಲೆಯನ್ನು ಒಂದು ಕಡೆಗೆ ವಾಲಿಸಿ ಕೂತಳು. "ಇದು ಫೋರ್ಡು. ಅಪ್ಪ ಇದ್ದಿದ್ರೆ ಟೋಪಿ ತೆಗೀತಿದ್ದ," ಎಂದಳು. "ಇದು ಮಿನಿ, ಪಾಪ, ಹತ್ತೋಕೇ ಆಗ್ತಿಲ್ಲ." ಅವಳ ಕೆನ್ನೆಯಲ್ಲಿ ಸ್ವಲ್ಪ ಬಣ್ಣ ಬಂದಿತ್ತು. ಕ್ಲೆಮ್ ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತಿದ್ದ. ಒಂದೊಂದು ಕಾರು ಇಳಿದು ಹೋದಾಗಲೂ ತಮ್ಮ ಕಾರು ಇವತ್ತು ಬರುವುದಿಲ್ಲ ಎಂದು ಹೇಳಿಬಿಡಬೇಕೆಂದು ಉಸಿರೆಳೆದುಕೊಂಡ. ಉಸಿರು ಸರಾಗವಾಗಿ ಬಂದು ಸರಾಗವಾಗಿ ಹೋಯಿತು.

ಸದ್ದುಗಳು ವಿರಳವಾದವು. ಕಡೆಯದೊಂದು ಉದ್ದನೆಯ ಇಳಿಜಾರಿನಲ್ಲಿ ದೂರವಾಗಿ, ಕರಗಿ, ಇಲ್ಲವಾಯಿತು. ಬೆಟ್ಟದ ಮೇಲೆ ಜನ ಚಪ್ಪಾಳೆ ತಟ್ಟಿದ್ದು ಮಳೆ ಹನಿದಂತೆ ಕೇಳಿಸಿತು.

"ಡಲ್ಸಿ," ಎಂದ ಕ್ಲೆಮ್.

"ಶ್," ಎಂದು ಅವಳು ಒಂದು ಬೆರಳೆತ್ತಿದಳು. "ಮಾತಾಡ್ಬೇಡ. ನಮ್ದು ಯಾವಾಗ್ಲೂ ಕೊನೇಗೆ ತಾನೆ."

ಅಂಗಳದ ನಡುವೆ ಬಟ್ಟೆ ಒಣಗಿಸುವ ತಂತಿಯ ಕೊಡೆ ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು. ಅದರ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ಅವಳ ಬೆರಳು ಎತ್ತಿದ ಹಾಗೇ ಇತ್ತು.