ಪ್ಯಾರಾ ನಲವತ್ತೊಂದು

ಮೇಲ್ಮನವಿ ನ್ಯಾಯಾಲಯ ಬಡಗಿಯನ್ನು ಬಿಡುಗಡೆ ಮಾಡುವ ಹೊತ್ತಿಗೆ ಅವನು ಜೈಲು ಸೇರಿ ಎಂಟು ವರ್ಷ ಏಳು ತಿಂಗಳಾಗಿತ್ತು. ಹೆಂಡತಿಯನ್ನು ಮೆಟ್ಟಿಲಿನಿಂದ ತಳ್ಳಿ ಕೊಂದ ಎಂಬುದು ಅವನ ಮೇಲಿದ್ದ ಆರೋಪ. ಕಣ್ಣಾರೆ ಕಂಡವಳು ಒಬ್ಬಳೇ, ಆರು ವರ್ಷದ ಮಗಳು. "ಅಪ್ಪ ಅಮ್ಮನ ಬೆನ್ನ ಮೇಲೆ ಕೈ ಇಟ್ಟ, ಅಮ್ಮ ಬಿದ್ಲು" ಎಂದಿದ್ದಳು. ಆ ಒಂದು ಮಾತನ್ನು ನಂಬಿ ಕೆಳಗಿನ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಅದೇ ಮಾತನ್ನು ನಂಬದೆ ಮೇಲಿನ ಕೋರ್ಟು ಬಿಟ್ಟುಬಿಟ್ಟಿತು. ತೀರ್ಪಿನ ನಲವತ್ತೊಂದನೇ ಪ್ಯಾರಾದಲ್ಲಿ ಹೀಗಿತ್ತು: 'ಈ ಮಗುವಿನ ಸಾಕ್ಷ್ಯ ಅವಳ ದೊಡ್ಡಮ್ಮ ಹೇಳಿಕೊಟ್ಟ ಗಿಣಿಪಾಠದಂತಿದೆ. ನಂಬಲು ಯೋಗ್ಯವಲ್ಲ.'

ಹೊರಗೆ ಬಂದವನಿಗೆ ಹಳೆಯ ಮೇಸ್ತ್ರಿ ತನ್ನ ಮರದ ಕಾರ್ಖಾನೆಯಲ್ಲೇ ಕೆಲಸ ಕೊಟ್ಟ. ಮೇಲಿನ ಕೋಣೆಯಲ್ಲಿ ಮಲಗುವುದು, ಕೆಳಗೆ ಕಿಟಕಿ ಚೌಕಟ್ಟು ಮಾಡುವುದು. ಉಳಿ ಹಿಡಿಯುವುದು ಕೈಗೆ ಮರೆತಿರಲಿಲ್ಲ. ಮಗಳನ್ನು ತನ್ನ ಬಳಿಗೆ ಕಳಿಸಿ ಎಂದು ಅವನು ಕೌಟುಂಬಿಕ ನ್ಯಾಯಾಲಯಕ್ಕೆ ಹೋದ. ಅಲ್ಲಿ ಆಗುವುದಿಲ್ಲ ಎಂದರು. ಮತ್ತೆ ಮೇಲ್ಮನವಿ.

"ಹೆದರಬೇಡಿ," ಎಂದಿದ್ದರು ಲಾಯರಮ್ಮ. "ಆ ನಲವತ್ತೊಂದನೇ ಪ್ಯಾರಾನೇ ನಮ್ಮ ಬ್ರಹ್ಮಾಸ್ತ್ರ. ಮಗುಗೆ ಸುಳ್ಳು ಕಲಿಸಿದ ಹೆಂಗಸಿನ ಹತ್ರ ಮಗು ಹೇಗಿರತ್ತೆ ಅಂತ ಕೇಳ್ತೀನಿ. ನೀವು ಮಾತ್ರ ಬಾಯಿ ಬಿಡಬಾರದು. ಬಾಯಿ ಬಿಟ್ಟರೆ ಬಣ್ಣಗೇಡು."

ವಿಚಾರಣೆಯ ದಿನ ಅವರ ಪ್ರಕರಣದ ಸಂಖ್ಯೆ ಹನ್ನೆರಡು. ಒಳಗೆ ಇಬ್ಬರು ಅಣ್ಣತಮ್ಮಂದಿರ ಗೋಡೆ ಜಗಳ ನಡೆದಿತ್ತು. ಗೋಡೆ ಅರ್ಧ ಅಡಿ ಈಚೆ ಬಂದಿದೆಯೋ ಆಚೆ ಹೋಗಿದೆಯೋ ಎಂದು ನಲವತ್ತು ನಿಮಿಷ ವಾದ. ಅದಾದ ಮೇಲೆ ಬಸ್ಸಿನಡಿ ಕಾಲು ಕಳೆದುಕೊಂಡವನ ಪರಿಹಾರ, ಆಮೇಲೆ ಒಂದು ಉಯಿಲು. ಬಡಗಿ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಎದುರಿನ ಬೆಂಚಿನಲ್ಲಿ ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ. ಔಷಧಿ ಅಂಗಡಿಯ ಕೆಲಸಕ್ಕೆ ರಜ ಹಾಕಿ ಬಂದಿದ್ದಳು. ಅವನತ್ತ ನೋಡಲೂ ಇಲ್ಲ. ಅವಳ ಪಕ್ಕದಲ್ಲಿದ್ದ ಹುಡುಗಿಗೆ ಈಗ ಹದಿನೈದು. ಅವನು ಗುಬ್ಬಿ ಎಂದು ಕರೆಯುತ್ತಿದ್ದ ಮಗುವಿನ ಗುರುತು ಆ ಮುಖದಲ್ಲಿ ಹುಡುಕಿದರೂ ಸಿಗಲಿಲ್ಲ. ಹಣೆ ಮಾತ್ರ ಅವಳಮ್ಮನದೇ.

ಅತ್ತಿಗೆ ನೀರು ಕುಡಿಯಲು ಎದ್ದು ಹೋದಾಗ ಹುಡುಗಿ ನೇರ ಅವನ ಮುಂದೆ ಬಂದು ನಿಂತಳು. ಕೈಯಲ್ಲಿ ಮಡಿಕೆಗಳಲ್ಲಿ ಹರಿದುಹೋದ ಆ ಹಳೆಯ ತೀರ್ಪಿನ ಪ್ರತಿ ಇತ್ತು.

"ಇದನ್ನ ಓದಿದ್ದೀರಾ?"

"ಓದಿಸಿ ಕೇಳಿದೀನಿ."

"ನೆಟ್‌ನಲ್ಲಿದೆ, ನಮ್ಮ ಕ್ಲಾಸಿನವರೆಲ್ಲ ಓದಿದಾರೆ. ನಾನು ಬಾಗಿಲಿಗೆ ಬಂದ್ರೆ ಸಾಕು, 'ಗಿಣಿ ಬಂತು' ಅಂತಾರೆ. ಅಪ್ಪನ್ನ ಜೈಲಿಗೆ ಕಳ್ಸಿದ ಗಿಣಿ." ಅವಳ ದನಿ ಏರಲಿಲ್ಲ. "ನನಗೆ ಯಾರೂ ಹೇಳಿಕೊಟ್ಟಿಲ್ಲ. ದೊಡ್ಡಮ್ಮ ಅವತ್ತು ಅತ್ತಿದ್ದೇ ಅತ್ತಿದ್ದು, ಮಾತೇ ಆಡಿರ್ಲಿಲ್ಲ. ಕೈ ಇಟ್ಟಿದ್ದನ್ನ ನಾನೇ ನೋಡಿದ್ದು. ನೀವು ಹೇಳಿ, ನಾನು ಸುಳ್ಳು ಹೇಳಿದ್ನಾ?"

ಅವನು ಬೆಂಚಿನಿಂದ ಎದ್ದ. ಅಷ್ಟರಲ್ಲಿ ಅತ್ತಿಗೆ ಓಡಿ ಬಂದು ಹುಡುಗಿಯ ರಟ್ಟೆ ಹಿಡಿದು ಎಳೆದುಕೊಂಡಳು. ಒಳಗಿನಿಂದ ಹನ್ನೆರಡನೇ ಸಂಖ್ಯೆ ಕೂಗಿದರು.

ಲಾಯರಮ್ಮ ಚೆನ್ನಾಗಿಯೇ ವಾದಿಸಿದರು. ಸುಳ್ಳು ಕಲಿಸಿದವಳು, ಮಗುವಿನ ಮನಸ್ಸಿಗೆ ವಿಷ ಹಾಕಿದವಳು ಎಂದೆಲ್ಲ ಹೇಳುವಾಗ ಅತ್ತಿಗೆ ತಲೆ ತಗ್ಗಿಸಿ ಕೂತಿದ್ದಳು. ಹುಡುಗಿ ತಗ್ಗಿಸಲಿಲ್ಲ. ಲಾಯರಮ್ಮ ಪ್ಯಾರಾ ನಲವತ್ತೊಂದನ್ನು ಗಟ್ಟಿಯಾಗಿ ಓದತೊಡಗಿದರು. 'ಗಿಣಿಪಾಠ' ಎಂಬ ಮಾತು ಬಂದಾಗ ಹಿಂದೆ ಕೂತಿದ್ದ ಯಾರೋ ಕಿಸಕ್ಕನೆ ನಕ್ಕರು.

ಬಡಗಿ ಎದ್ದು ನಿಂತ.

"ಸ್ವಾಮಿ, ಅದು ಸುಳ್ಳು."

"ಕೂತ್ಕೊಳ್ಳಿ," ಲಾಯರಮ್ಮ ಅವನ ಅಂಗಿ ಹಿಡಿದು ಜಗ್ಗಿದರು. ಅವನು ಕೂರಲಿಲ್ಲ.

"ಮಗು ನೋಡಿದ್ದನ್ನೇ ಹೇಳಿದ್ದು. ಯಾರೂ ಕಲಿಸಿಲ್ಲ. ಅವತ್ತು ಬೆಳಿಗ್ಗೆ ನಾವಿಬ್ರೂ ಜಗಳ ಆಡಿದ್ವಿ. ಅವಳು ಒದ್ದೆ ಬಟ್ಟೆ ಬಕೆಟ್ ಹಿಡಿದು ತಾರಸಿಗೆ ಹತ್ತುತಾ ಇದ್ಲು, ನಾನು ಬೈಕೊಂಡು ಹಿಂದೆ ಹೋದೆ. ಕಂಬಿ ಇಲ್ಲದ ತಿರುವಿನಲ್ಲಿ ಅವಳ ಕಾಲು ಹೊರಕ್ಕೆ ಜಾರ್ತು. ಹಿಡಿಯೋಕೆ ಅಂತ ಬೆನ್ನಿಗೆ ಕೈ ಹಾಕ್ದೆ. ಉಟ್ಟ ಸೀರೆನೂ ಒದ್ದೆ, ಕೈಗೆ ನಿಲ್ಲಲಿಲ್ಲ. ಮಗು ನೋಡಿದ್ದು ನನ್ನ ಕೈನೇ."

ಇಬ್ಬರು ನ್ಯಾಯಾಧೀಶರಲ್ಲಿ ಹಿರಿಯರಾಗಿದ್ದ ಹೆಂಗಸು ಕನ್ನಡಕ ತೆಗೆದರು. "ಕೈ ಹಾಕೇ ಇಲ್ಲ ಅಂತ ಅಲ್ವೇನ್ರೀ ಹಿಂದಿನ ಕೇಸಿನಲ್ಲಿ ಹೇಳಿದ್ದು?"

"ಆಗಿನ ಲಾಯರು ಹಾಗೆ ಹೇಳು ಅಂದ್ರು, ಹೇಳ್ದೆ. ಪಾಠ ಒಪ್ಪಿಸಿದವನು ನಾನು ಸ್ವಾಮಿ, ಅವಳಲ್ಲ."

"ಈ ಮಾತು ನಿಮಗೇ ಮುಳ್ಳಾಗಬಹುದು."

"ಆಗಲಿ. ಅವಳು ಸುಳ್ಳು ಹೇಳಿಲ್ಲ ಅಂತ ಬರೆದುಕೊಳ್ಳಿ."

ಹೊರಗೆ ಬಂದ ಮೇಲೆ ಲಾಯರಮ್ಮ ಕಡತವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಕೈಗೆ ಬಂದ ತುತ್ತನ್ನ ನೀವೇ ನೆಲಕ್ಕೆ ಹಾಕಿದ್ರಿ" ಎಂದಷ್ಟೇ ಹೇಳಿ ನಡೆದರು.

ಹದಿನೇಳು ದಿನಗಳ ಮೇಲೆ ತೀರ್ಪು ಬಂತು. ಮೇಲ್ಮನವಿ ವಜಾ. ಜಗಳವಾಡಿದ್ದನ್ನು, ಬೆನ್ನ ಮೇಲೆ ಕೈ ಹಾಕಿದ್ದನ್ನು ತಂದೆಯೇ ಒಪ್ಪಿಕೊಂಡಿರುವುದರಿಂದ, ಹಿಂದೆ ಸುಳ್ಳು ಹೇಳಿದ್ದನ್ನೂ ಅವನೇ ಹೇಳಿರುವುದರಿಂದ, ಮಗಳು ದೊಡ್ಡಮ್ಮನ ಬಳಿಯೇ ಇರತಕ್ಕದ್ದು. ತಿಂಗಳ ಮೊದಲ ಶನಿವಾರ ಕೋರ್ಟಿನ ಭೇಟಿ ಕೋಣೆಯಲ್ಲಿ ಒಂದು ಗಂಟೆ ನೋಡಬಹುದು, ಮಗಳು ಒಪ್ಪಿದರೆ. ಇನ್ನು ಆ ಹಳೆಯ ಪ್ಯಾರಾದ ವಿಷಯ: ಅದು ಬೇರೆ ಪೀಠದ ತೀರ್ಪು, ಅದನ್ನು ತಿದ್ದುವ ಅಧಿಕಾರ ಈ ಪೀಠಕ್ಕಿಲ್ಲ.

ಬಡಗಿ ಆ ಕೊನೆಯ ಸಾಲನ್ನು ಮೇಸ್ತ್ರಿಯಿಂದ ಎರಡು ಸಲ ಓದಿಸಿದ. "ಅಂದ್ರೆ ಅದು ಹಾಗೇ ಇರತ್ತೆ?"

"ಹಾಗೇ ಇರತ್ತೆ ಕಣೋ," ಎಂದ ಮೇಸ್ತ್ರಿ.

ಮೊದಲ ಶನಿವಾರ ಅವಳು ಬಂದಳು. ಮೇಜಿನ ಆಚೆ ಕೂತಳು. ಮೂಲೆಯಲ್ಲಿ ಹಾಜರಿ ಬರೆಯುವ ಹೆಂಗಸು ಫೋನು ನೋಡುತ್ತಿದ್ದಳು.

"ನೀವು ಹಿಡಿಯೋಕೆ ಹೋಗಿದ್ದು ಅಂತ ನನಗೆ ಗೊತ್ತಾಗಲ್ಲ," ಎಂದಳು ಹುಡುಗಿ. "ಎಷ್ಟು ಸಲ ನೆನೆಸಿಕೊಂಡ್ರೂ ಕೈ ಒಂದೇ ಕಾಣೋದು. ಆಮೇಲಿಂದು ಏನೂ ಕಾಣಲ್ಲ."

"ಸರಿ ಕಣಮ್ಮ. ನಂಬಬೇಕು ಅಂತಿಲ್ಲ."

"ಮತ್ತೆ ಯಾಕೆ ಹೇಳಿದ್ರಿ? ಸುಮ್ಮನಿದ್ದಿದ್ರೆ ನಾನು ನಿಮಗೇ ಸಿಗ್ತಿದ್ದೆ."

"ಸುಳ್ಳುಗಾತಿ ಅನ್ನಿಸಿಕೊಂಡ ಮಗಳು ಸಿಕ್ಕಿ ಏನು ಮಾಡಲಿ?"

ಅವಳು ಉಗುರು ಕಚ್ಚುತ್ತಾ ಕೂತಳು. "ಶಾಲೇಲಿ ಈಗ್ಲೂ ಹಾಗೇ ಕರೀತಾರೆ," ಎಂದಳು. ಗಂಟೆ ಮುಗಿಯಿತು. ಎದ್ದು ಹೋಗುವಾಗ 'ಬರ್ತೀನಿ' ಎನ್ನಲಿಲ್ಲ, ಅಪ್ಪ ಎಂದೂ ಅನ್ನಲಿಲ್ಲ.

ಎರಡನೇ ತಿಂಗಳು ಬಂದಳು. ಮೂರನೇ ತಿಂಗಳು ಅತ್ತಿಗೆ ಒಬ್ಬಳೇ ಬಾಗಿಲ ತನಕ ಬಂದು, "ಪರೀಕ್ಷೆ ಇದೆ, ಬರಲ್ಲ ಅಂದ್ಲು" ಎಂದು ಹೇಳಿದಳು. ಹೊರಟವಳು ಅರೆಗಳಿಗೆ ನಿಂತಳು. "ಅವಳಿಗೆ ನಾನು ಏನೂ ಕಲಿಸಿರಲಿಲ್ಲ ಅಂದ್ರಲ್ಲ ಅವತ್ತು. ಅಷ್ಟಾದ್ರೂ ಹೇಳಿದ್ರಿ." ಅವನು ತಲೆಯಾಡಿಸಿದ.

ಅವಳು ಹೋದ ಮೇಲೆ ಹಾಜರಿಯ ಹೆಂಗಸು ಪುಸ್ತಕ ಮುಚ್ಚಲು ಹೋದಳು. "ನೀವೂ ಹೋಗಬಹುದಲ್ಲ?"

"ಈಗ ಹೋದ್ರೆ ಏನಂತ ಬರೀತೀರಿ?"

"ತಂದೆ ಬೇಗ ಹೊರಟರು ಅಂತ."

ಬಡಗಿ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು ಕೂತ. ಗಂಟೆ ಮುಗಿಯಲು ಇನ್ನೂ ಐವತ್ತು ನಿಮಿಷವಿತ್ತು.